ಫೋನು ಒಪ್ಪದ ಮುಖ

ತಿರುಪತಿಯಲ್ಲಿ ಮುಡಿ ಕೊಟ್ಟು ಬಂದಿದ್ದ ಮೂರನೇ ಕ್ಲಾಸಿನ ಹುಡುಗಿಯ ಮುಖವನ್ನು ಹಾಜರಿ ಹಾಕುವ ಫೋನು ಗುರುತಿಸಲಿಲ್ಲ. ಸತತ ಮೂರನೇ ದಿನವೂ “ಗೈರುಹಾಜರಿ” ಎಂದು ಕೂಗಿತು.

“ಮಗು ಕಣ್ಣೆದುರಿಗೇ ಇದೆಯಲ್ಲ ಸಾರ್!” ಟೀಚರು ಹುಡುಗಿಯತ್ತ ಕೈ ತೋರಿದರು.

ರಜೆ ಮುಗಿಸಿ ಅಂದೇ ಬಂದಿದ್ದ ಹೆಡ್‌ಮಾಸ್ತರರು ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡರು. “ಫೋನು ಸುಳ್ಳು ಹೇಳಲ್ಲ ಮೇಡಂ. ಅದು ಗೈರು ಅಂದ್ರೆ ಗೈರು. ಇವತ್ತೂ ಬಿಸಿಯೂಟದ ಮೊಟ್ಟೆ ಇಲ್ಲ. ಹೊರಗೆ ಕೂರಿಸಿ.”

ಹುಡುಗಿ ಚೀಲ ಎತ್ತಿಕೊಂಡು ಹೋಗಿ ಜಗಲಿಯಲ್ಲಿ ಕೂತಳು.

ಟೀಚರು ಫೋನನ್ನು ಹೆಡ್‌ಮಾಸ್ತರರ ಮುಖಕ್ಕೇ ಹಿಡಿದರು. “ನಿಮ್ಮ ಹಾಜರಿನೂ ಆಗ್ಲಿ ಸಾರ್. ಟೋಪಿ ಇದ್ರೆ ಇದು ಒಪ್ಪಲ್ಲ, ತೆಗೀರಿ.”

ಅವರು ತಡೆದು ತಡೆದು ತೆಗೆದರು. ಹೊಸದಾಗಿ ಬೋಳಿಸಿದ ನುಣ್ಣನೆಯ ತಲೆ.

“ಗೈರುಹಾಜರಿ.”

ಜಗಲಿಯಲ್ಲಿದ್ದ ಹುಡುಗಿ ಚೀಲ ಪಕ್ಕಕ್ಕೆಳೆದುಕೊಂಡು ಅವರಿಗೂ ಜಾಗ ಬಿಟ್ಟಳು.