ಕರಗಿದ ಗಂಟು

ಬೆಳಗಾವಿ ಬಸ್ಸು ನೇಸರಗಿ ನಿಲ್ದಾಣಕ್ಕೆ ಬಂದು ನಿಂತರೂ ಭಾಗೀರಥಿ ಕಟ್ಟೆಯಿಂದ ಏಳಲಿಲ್ಲ. ಚೀಲ ಹೆಗಲಿಗೇರಿಸಿ ಬಸ್ಸಿನ ಬಾಗಿಲವರೆಗೆ ಹೋದ ಮುತ್ತಪ್ಪ ತಿರುಗಿ ನೋಡಿದ. ಹೆಂಡತಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕುಳಿತೇ ಇದ್ದಳು.

"ನಾ ಬರೂದಿಲ್ಲ," ಎಂದಳು. "ಗಂಟು ಎಲ್ಲೈತಿ? ನೀವ ಮುಟ್ಟಿ ನೋಡ್ರಿ."

ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟಿದ್ದ ಗಂಟು ಎರಡು ಸಲ ಕೀಮೋ ಆಗುವಷ್ಟರಲ್ಲಿ ನಿಜಕ್ಕೂ ಕರಗಿತ್ತು. ಲಿಂಫೋಮಾ ಎಂಬ ಕ್ಯಾನ್ಸರು, ಬೇಗ ಹರಡುವ ಜಾತಿ, ಆದರೆ ಶುರುವಿನಲ್ಲೇ ಸಿಕ್ಕಿದೆ. ಗಂಟು ಕಾಣದಾದರೂ ಔಷಧ ಪೂರ್ತಿ ಮುಗಿಸಿದರೆ ವಾಸಿಯಾಗುವ ಸಂಭವವೇ ಹೆಚ್ಚು ಎಂದು ಬೆಳಗಾವಿ ಆಸ್ಪತ್ರೆಯ ಡಾಕ್ಟರು ಬಿಡಿಸಿ ಹೇಳಿದ್ದರು. ಮುತ್ತಪ್ಪ ಅದನ್ನೆಲ್ಲ ಮತ್ತೊಮ್ಮೆ ಹೇಳಿದ.

ಭಾಗೀರಥಿಯ ಸಂಕಟ ಬೇರೆಯೇ ಇತ್ತು. ಅವಳ ರೊಟ್ಟಿಗೆ ಊರಲ್ಲಿ ಹೆಸರಿತ್ತು. ಮದುವೆ, ಬಸುರಿಗೆ ಮಾಡುವ ಕುಬಸ ಎಂದರೆ ಅವಳಿಗೇ ಹೇಳಿಕಳಿಸುತ್ತಿದ್ದರು. ತಲೆ ಬೋಳಾದ ಮೇಲೆ ಒಬ್ಬರೂ ಬಂದಿರಲಿಲ್ಲ. ಮೊನ್ನೆ ಪಕ್ಕದ ಮನೆಯ ಶಟ್ಟೆವ್ವನಿಗೆ ಬಿಸಿ ರೊಟ್ಟಿ ಕೊಟ್ಟರೆ, ಅವಳು ಅದನ್ನು ಎಮ್ಮೆಯ ಮುಂದೆ ಹಾಕಿದ್ದು ಇವಳ ಕಣ್ಣಿಗೇ ಬಿದ್ದಿತ್ತು.

"ಕೂದಲಾ ಬರ್ಲಿ. ಮಂದಿ ನನ್ನ ಕೈಲೆ ಮಾಡಿದ್ದು ತಿನ್ನಲಿ. ಆಮ್ಯಾಲ ನೀವು ಎಲ್ಲಿ ಕರದ್ರೂ ಬರತೇನಿ."

ಕಂಡಕ್ಟರ್ ಸೀಟಿ ಊದಿದ. ಮುತ್ತಪ್ಪ ಕೈ ಹಿಡಿದು ಎಳೆಯಬಹುದಿತ್ತು. ಆದರೆ ಕೀಮೋ ಆದ ಮೇಲೆ ಬಾಯಿ ತುಂಬ ಹುಣ್ಣಾಗಿ, ಗುಟುಕು ನೀರಿಗೂ ಅಳುತ್ತಿದ್ದ ಅವಳ ಮುಖ ನೆನಪಾಯಿತು. ಬಸ್ಸು ಹೋಯಿತು. ಅವನ ಎದೆ ಹಗುರಾಯಿತು. ಹಾಗಾದದ್ದಕ್ಕೆ ನಾಚಿಕೆಯೂ ಆಯಿತು.

ಕೂದಲು ಬಂತು. ಕುಬಸದ ಮನೆಯೊಂದರಿಂದ ರೊಟ್ಟಿಗೆ ಹೇಳಿಕಳಿಸಿದರು. ಸಂಕ್ರಾಂತಿ ಕಳೆದ ಮೇಲೊಂದು ಬೆಳಿಗ್ಗೆ, ಹಿಟ್ಟು ನಾದುತ್ತಿದ್ದ ಭಾಗೀರಥಿ ಉಸಿರು ಸಿಗದೆ ಗೋಡೆಗೆ ಆತು ಕುಳಿತಳು. ಈ ಸಲ ಬಸ್ಸಿನ ದಾರಿ ಕಾಯಲಿಲ್ಲ; ಸಿಕ್ಕ ಜೀಪಿನಲ್ಲಿ ಮಲಗಿಸಿಕೊಂಡು ಹೋದರು.

ಅವಳನ್ನು ವಾರ್ಡಿಗೆ ಸೇರಿಸಿ, ಸ್ಕ್ಯಾನಿನ ಚಿತ್ರ ನೋಡುತ್ತಿದ್ದ ಡಾಕ್ಟರ ಮುಂದೆ ಮುತ್ತಪ್ಪ ತಲೆ ತಗ್ಗಿಸಿ ನಿಂತ. ಬೈಸಿಕೊಳ್ಳಲು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದ. ಬೈದು ಮುಗಿಸಿದ ಮೇಲೆ ಕಾಲಿಗೆ ಬಿದ್ದು, ಇನ್ನು ನೀವು ಹೇಳಿದಂತೆಯೇ ಕೇಳುತ್ತೇವೆ ಅನ್ನಬೇಕೆಂದಿದ್ದ.

ಡಾಕ್ಟರು ಬೈಯಲಿಲ್ಲ, ಮುಂದಿನ ಕೀಮೋದ ಮಾತನ್ನೂ ಎತ್ತಲಿಲ್ಲ. ಎದ್ದು ಬಂದು, ತಾವೇ ಅವನಿಗೊಂದು ಕುರ್ಚಿ ಎಳೆದರು.

"ಕುಂತ್ಕೋರಿ ಮುತ್ತಪ್ಪ," ಎಂದರು. "ಚಾ ಕುಡದೀರೇನು?"