ನೀವು ಯಾವ ಜನ?

ಒಳಗೆ ಹೋದ ಮೇಲೆ ಬಾಯಿ ಬಿಡಬಾರದೆಂದು ಮಾಯಿಲಪ್ಪ ಮಗನನ್ನು ಮತ್ತೊಮ್ಮೆ ಎಚ್ಚರಿಸಿದ. ಲತೀಶ್ ತಲೆಯಾಡಿಸಿ ಕಾರಿನ ಎಂಜಿನ್ ಆಫ್ ಮಾಡಿದ. ಕಡಬ ಪೇಟೆ ದಾಟುವಾಗಲೆಲ್ಲ ಗಾಜು ಏರಿಸಿ ಕೂರುತ್ತಿದ್ದ ಅಪ್ಪ ಇಂದು ಕದೀಜಮ್ಮನ ಗೇಟಿನ ಎದುರು ಶರ್ಟಿನ ಗುಂಡಿ ಸರಿಮಾಡಿಕೊಳ್ಳುತ್ತಿದ್ದ. ಕಾರ್ಯವಾಸಿ ಕತ್ತೆಕಾಲು ಹಿಡಿಯುವುದೆಂದರೆ ಇದೇ ಎಂದು ದಾರಿಯುದ್ದಕ್ಕೂ ಗೊಣಗಿದ್ದ.

ಸಂಪಾಜೆಯಲ್ಲಿ ಹೆದ್ದಾರಿಗೆ ತಾಗಿ ಅವರ ಕುಟುಂಬದ ಜಾಗವಿತ್ತು. ಅಲ್ಲಿ ಲತೀಶ್ ಪೆಟ್ರೋಲ್ ಬಂಕ್ ಹಾಕಲು ಹೊರಟಿದ್ದ. ಇದ್ದ ಕೆಲಸ ಬಿಟ್ಟಾಗಿತ್ತು. ಮದುವೆಗೆ ನೋಡಿದ ಹುಡುಗಿಯ ಮನೆಯವರೂ ಬಂಕ್ ಆಗಲಿ ಎಂದು ಕಾದಿದ್ದರು. ಎಲ್ಲ ಆಗಿ ಕೊನೆಗೆ ವಕೀಲರು ಕದೀಜಮ್ಮನ ರುಜು ಇಲ್ಲದೆ ಆಗುವುದಿಲ್ಲ ಅಂದರು. ಜಾಗದ ಮೂಲೆಯಲ್ಲಿ ಅವಳ ಗಂಡ ಅದ್ರಾಮನ ಹಳೆಯ ಅಂಗಡಿಯ ಗೋಡೆ ಇನ್ನೂ ನಿಂತಿತ್ತು. ಆ ತುಂಡು ಅವರದ್ದಿರಬೇಕೆಂದು ಲತೀಶ್ ತಿಳಿದುಕೊಂಡ. ಅಪ್ಪ ಬಿಡಿಸಿ ಹೇಳಲಿಲ್ಲ.

ಆ ಅಂಗಡಿಯ ಕಥೆ ಮಾತ್ರ ಊರಿಗೇ ಗೊತ್ತಿತ್ತು. ಲತೀಶ್ ಹುಟ್ಟುವ ಮೊದಲು ಮಾಯಿಲಪ್ಪ ಮನೆ ಮನೆಗೆ ಹೋಗಿ, ಅದ್ರಾಮನ ಅಂಗಡಿಯಿಂದ ಒಂದು ಹಿಡಿ ಉಪ್ಪೂ ತರಬಾರದೆಂದು ಹೇಳಿ ಬಂದಿದ್ದ. ಊರು ಕೇಳಿತು. ಅದ್ರಾಮ ಬೀಗ ಹಾಕಿ ಕಡಬಕ್ಕೆ ಬಂದ, ಆಮೇಲೆ ಗಲ್ಫಿಗೆ ಹೋದ, ದುಡಿದು ದುಡಿದು ಸತ್ತ. ಅವನ ಹೆಂಡತಿ ಇದನ್ನೆಲ್ಲ ಮರೆತಿರುತ್ತಾಳೆಂದು ಯಾರೂ ಅಂದುಕೊಳ್ಳಬಾರದು. ಕೆಲವು ಹೆಂಗಸರು ಸಿಟ್ಟನ್ನು ಉಪ್ಪಿನಕಾಯಿಯ ಹಾಗೆ ಕಾಪಾಡುತ್ತಾರೆ.

ಮಾಯಿಲಪ್ಪನಿಗೊಂದು ಹೆಮ್ಮೆಯಿತ್ತು. ಎದುರಿನವರು ಒಂದು ಮಾತಾಡಿದರೆ ಸಾಕು, ಅವರ ಜಾತಿ ಹೇಳುತ್ತಿದ್ದ. ‘ಇದೆ’ ಅನ್ನಲು ‘ಉಂಡು’ ಅಂದರೆ ತುಳುವರು, ‘ಇದ್ದು’ ಅಂದರೆ ಹವ್ಯಕರು, ‘ಉಟ್ಟು’ ಅಂದರೆ ನಮ್ಮ ಅರೆಭಾಷೆಯ ಗೌಡರು. ಕಡಬದ ಬಸ್‌ಸ್ಟ್ಯಾಂಡಿನಲ್ಲಿ ಇಂದು ದಾರಿ ಕೇಳಲು ನಿಂತಾಗಲೂ ಸುಮ್ಮನಿರಲಿಲ್ಲ. ಇವ ರಬ್ಬರ್ ತೋಟದ ಮಲಯಾಳಿ, ಅವಳು ಸಿಲೋನ್ ಕಾಲೊನಿಯ ತಮಿಳು ಹೆಂಗಸು, ಅಲ್ಲಿ ಟೊಪ್ಪಿ ಹಾಕಿ ನಿಂತ ಮುಸಲ್ಮಾನ ಬ್ಯಾರಿ ಎಂದು ಎಣಿಸುತ್ತಲೇ ಇದ್ದ. ಕೇಳಿ ಕೇಳಿ ಲತೀಶನಿಗೆ ನಾಚಿಕೆಯಾಯಿತು.

ಬಾಗಿಲು ತೆರೆದದ್ದು ಸೊಸೆ ಜಸೀನಾ. ಕದೀಜಮ್ಮ ತಲೆಗೆ ಬಿಳಿ ದುಪಟ್ಟಾ ಹೊದ್ದು ಕುರ್ಚಿಯಲ್ಲಿ ಕೂತಿದ್ದಳು. ಏಳಲಿಲ್ಲ. ಸೊಸೆಯ ಕಡೆ ವಾಲಿ ಬ್ಯಾರಿ ಭಾಷೆಯಲ್ಲಿ ಮೆಲ್ಲಗೆ ಏನೋ ಅಂದಳು.

"ಮೊದಲು ತಿನ್ನಿ, ಮತ್ತೆ ಮಾತು ಅಂತ ಹೇಳ್ತಾರೆ ಉಮ್ಮ," ಅಂದಳು ಜಸೀನಾ.

ಪತ್ತಿರ್ ಎಂಬ ಅಕ್ಕಿರೊಟ್ಟಿ, ಕೋಳಿ ಸಾರು ಬಂತು. ಬ್ಯಾರಿಗಳ ಮನೆಯಲ್ಲಿ ಮಾಯಿಲಪ್ಪ ನೀರೂ ಕುಡಿದವನಲ್ಲ.

"ನನಗೆ ಶುಗರ್ ಉಂಟು ಮಾರಾಯ್ತಿ," ಅಂದ.

ಕದೀಜಮ್ಮ ಮತ್ತೆ ಪಿಸುಗುಟ್ಟಿದಳು.

"ಪತ್ತಿರಿಗೆ ಸಕ್ಕರೆ ಹಾಕುದಿಲ್ಲ ಅಂತೆ."

ಮಾಯಿಲಪ್ಪ ತಿಂದ. ಒಂದೊಂದು ತುತ್ತನ್ನೂ ನೀರು ಕುಡಿದು ಇಳಿಸಿದ. ಕದೀಜಮ್ಮ ಕಣ್ಣು ಕೀಳದೆ ನೋಡಿದಳು. ಅವನು ಮಾತ್ರ ಬಂದಾಗಿನಿಂದ ಅವಳ ಮುಖದ ಕಡೆ ತಲೆ ಎತ್ತಿರಲಿಲ್ಲ. ಸಂಪಾಜೆಯಲ್ಲಿ ಅಂಗಡಿ ಇಟ್ಟವರ ಮನೆಯವಳಿಗೆ ಇಷ್ಟು ಕನ್ನಡವೂ ಬಾರದೇ ಎಂದು ಲತೀಶನಿಗೆ ಆಶ್ಚರ್ಯ.

ಅವರು ಕೈತೊಳೆದು ಬಂದ ಮೇಲೆ ಜಸೀನಾ ಕೇಳಿದಳು. "ನೀವು ಯಾವ ಜನ ಅಂತ ಕೇಳ್ತಾರೆ."

ಬಾಡಿಗೆಗೆ ಮನೆ ಕೇಳಿ ಬಂದವರನ್ನು, ಬಾವಿಯ ಹತ್ತಿರ ನಿಂತವರನ್ನು, ಮದುವೆಯ ಊಟದ ಸಾಲಿನಲ್ಲಿ ಕೂತವರನ್ನು ಮಾಯಿಲಪ್ಪ ಕೇಳುತ್ತಲೇ ಬಂದ ಪ್ರಶ್ನೆ ಇದು. ಅವನನ್ನು ಯಾರೂ ಕೇಳಿರಲಿಲ್ಲ.

"ಅದು ಅವರಿಗೆ ಗೊತ್ತುಂಟಲ್ಲ."

"ನಿಮ್ಮ ಬಾಯಿಂದಲೇ ಹೇಳ್ಬೇಕಂತೆ."

"ಗೌಡ್ರು." ಅವನ ಕಿವಿ ಕೆಂಪಾಯಿತು.

ಲತೀಶ್ ಎದುರಿಗಿಟ್ಟ ವಕೀಲರ ಕಾಗದವನ್ನು ಕದೀಜಮ್ಮ ಎಳೆದುಕೊಂಡಳು. ಪೆನ್ನಿನ ಮುಚ್ಚಳ ತೆಗೆದಳು. ಲತೀಶನ ಎದೆ ಹಗುರಾಯಿತು. ಅವಳು ಪೆನ್ನನ್ನು ಕಾಗದಕ್ಕೆ ತಾಗಿಸದೆ ಹಿಡಿದು ಸೊಸೆಗೆ ಇನ್ನೂ ಒಂದು ಮಾತು ಹೇಳಿದಳು. ಈ ಸಲ ಜಸೀನಾಳಿಗೆ ಅದನ್ನು ಕನ್ನಡಕ್ಕೆ ತರಲು ಸ್ವಲ್ಪ ಹೊತ್ತು ಬೇಕಾಯಿತು.

"ಒಂದೇ ಪ್ರಶ್ನೆ ಉಂಟಂತೆ. ಸತ್ಯ ಹೇಳಿದ್ರೆ ಈಗಲೇ ರುಜು ಹಾಕ್ತಾರಂತೆ. ಕ್ಷಮೆಯೂ ಬೇಡ, ಎಂತದೂ ಬೇಡ. ನಿಮಗೆ ತಂಗಿ ಉಂಟಾ?"

ಮಾಯಿಲಪ್ಪ ಆಗ ತಲೆ ಎತ್ತಿದ. ಕದೀಜಮ್ಮನನ್ನು ನೋಡಿದ, ಮಗನನ್ನು ನೋಡಿದ. ಮತ್ತೆ ಕಾಗದವನ್ನು ನೋಡಿದ.

ಇಂಥ ಸುಲಭದ ಪ್ರಶ್ನೆಗೂ ಅಪ್ಪ ತಡವರಿಸುವುದು ಕಂಡು ಲತೀಶನಿಗೆ ತಾಳ್ಮೆ ತಪ್ಪಿತು. ಬಂಕ್ ಕೈತಪ್ಪುವುದು ಅವನ ಕಣ್ಣೆದುರಿಗೇ ಇತ್ತು.

"ಒಬ್ರು ಇದ್ರಮ್ಮ, ಕಮಲಾವತಿ ಅಂತ. ನಾನು ಹುಟ್ಟುವ ಮೊದಲೇ ತೀರಿಹೋಗಿದ್ದಾರೆ. ಬೊಜ್ಜ, ತಿಥಿ ಎಲ್ಲ ಮಾಡಿ ಊರಿಗೆಲ್ಲ ಊಟ ಹಾಕಿದ್ದಾರಂತೆ. ಈಗಲೂ ವರ್ಷಕ್ಕೊಮ್ಮೆ ಹಿರಿಯರಿಗೆ ಬಡಿಸುವಾಗ ಅತ್ತೆಯ ಹೆಸರಲ್ಲಿ ಒಂದು ಎಲೆ ಇಡ್ತೇವೆ. ಬಡಿಸುದು ಅಪ್ಪನೇ. ಅಲ್ವಾ ಅಪ್ಪ?"

"ಹೌದಾ?" ಎಂದು ಜಸೀನಾ ಮಾಯಿಲಪ್ಪನನ್ನೇ ಕೇಳಿದಳು. ಇದು ಕದೀಜಮ್ಮ ಹೇಳಿಕೊಟ್ಟ ಮಾತಲ್ಲ.

ಮಾಯಿಲಪ್ಪ ಮಗನ ಮುಖವನ್ನೇ ನೋಡುತ್ತಾ ಕೂತ. ಆ ಮುಖದಲ್ಲಿ ಸಂಶಯದ ಸುಳಿವೂ ಇರಲಿಲ್ಲ.

"ಹೌದು," ಅಂದ. "ತೀರಿಹೋದಳು."

ಕದೀಜಮ್ಮ ಪೆನ್ನಿನ ಮುಚ್ಚಳ ಹಾಕಿದಳು. ಕಾಗದವನ್ನು ಅವನ ಕಡೆಗೆ ತಳ್ಳಿದಳು. ಈಗ ಸೊಸೆಯ ಕಡೆ ವಾಲಲಿಲ್ಲ. ಮಾಯಿಲಪ್ಪನ ಕಣ್ಣನ್ನೇ ನೋಡುತ್ತಾ, ಬಾಯಿ ತುಂಬ ಅಚ್ಚ ಅರೆಭಾಷೆಯಲ್ಲಿ ಕೇಳಿದಳು:

"ಹಂಗಾರೆ ಸತ್ತವು ರುಜು ಹಾಕುದುಟ್ಟಾ, ಅಣ್ಣಾ?"