ತಣ್ಣಗಿದ್ದ ತಪ್ಪಿಗೆ

ವಿಭಾಗದ ಮುಖ್ಯಸ್ಥ ಶಿವಲಿಂಗಯ್ಯನವರು ಆಂಪ್ಲಿಫೈಯರಿನ ಬೆನ್ನಿಗೆ ಅಂಗೈ ಒತ್ತಿ, ಮಗುವಿನ ಜ್ವರ ನೋಡುವವರಂತೆ ಕಣ್ಣು ಮುಚ್ಚಿದರು. ಕಣ್ಣು ತೆರೆದಾಗ ಮುಖದಲ್ಲಿ ಸಾವಿನ ಮನೆಯ ಕಳೆ. “ತಣ್ಣಗೈತಲ್ಲಮ್ಮ! ಸತ್ತು ಎಷ್ಟೊತ್ತಾಯ್ತು?”

“ಸತ್ತಿಲ್ಲ ಸರ್, ಚೆನ್ನಾಗಿ ಕೆಲಸ ಮಾಡ್ತಿದೆ. ಅದಕ್ಕೇ ತಣ್ಣಗಿದೆ,” ಅಂದಳು ಸ್ನೇಹ. ಹೊಸಹೊಳಲಿನ ಈ ಹುಡುಗಿ ಪಾಂಡವಪುರದ ಆಚೆಗಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ಎರಡು ಸೆಮಿಸ್ಟರ್ ನಿದ್ದೆಗೆಟ್ಟು ಮಾಡಿದ ಪ್ರಾಜೆಕ್ಟು ಅದು. ರೇಡಿಯೋ ಸಿಗ್ನಲ್ಲಿಗೆ ಬಲ ತುಂಬುವ ಮಾಮೂಲಿ ಆಂಪ್ಲಿಫೈಯರಿಗೆ ಒಗ್ಗುವುದು ಒಂದೇ ಫ್ರೀಕ್ವೆನ್ಸಿ. ನಾಗಮಂಗಲದಲ್ಲಿ ಮೀಸೆ ತಿರುವಿದವನು ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿಗೆ ಬಂದು ಬೆವರುವ ಹಾಗೆ, ಫ್ರೀಕ್ವೆನ್ಸಿ ಬದಲಾದರೆ ಸಾಕು, ತಿಂದ ಕರೆಂಟಿನಲ್ಲಿ ಅರ್ಧಕ್ಕರ್ಧ ಬಿಸಿಯಾಗಿ ಪೋಲು. ಸ್ನೇಹಳದ್ದು ಹಾಗಲ್ಲ. ಫ್ರೀಕ್ವೆನ್ಸಿ ಬದಲಿಸುವ ಗುಂಡಿ ತಿರುಗಿಸಿದಂತೆಲ್ಲ ಒಳಗಿನ ಸರ್ಕ್ಯೂಟೂ ಹೊಂದಿಕೊಂಡು, ಹೋದ ಊರಲ್ಲೆಲ್ಲ ಅದೇ ಊರಿನದಾಗಿಬಿಡುತ್ತಿತ್ತು; ಬೆವರುವ ಪ್ರಮೇಯವೇ ಇಲ್ಲ. ಪಾಸಾದರೆ ಮೈಸೂರಿನ ವಾಕಿಟಾಕಿ ಕಾರ್ಖಾನೆಯಲ್ಲಿ ಕೆಲಸ ಕಾದಿತ್ತು. ಫೇಲಾದರೆ ಇನ್ನೊಂದು ವರ್ಷಕ್ಕೆ ಶಿವಲಿಂಗಯ್ಯನವರೇ ಕಾದಿದ್ದರು.

ಸ್ನೇಹ ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದಳು. ಔಟ್‌ಪುಟ್ಟಿಗೆ ಕಟ್ಟಿದ್ದ ಬಲ್ಬು ಒಂದು ಚೂರೂ ಮಂಕಾಗಲಿಲ್ಲ. ಮೀಟರೂ ಸಾಕ್ಷಿ ಹೇಳಿತು.

“ಮೀಟ್ರು ಬುಡು, ತಿರುಗ್ಸಿದೋರ ಮಾತು ಕೇಳ್ತದೆ. ಕೈ ಸುಳ್ಳೇಳಕಿಲ್ಲ,” ಅಂದರು ಶಿವಲಿಂಗಯ್ಯ. ಸಿಟ್ಟು ಬಂದರೆ ಅವರ ಬಾಯಿಂದ ಕಾಲೇಜು ಕೆಳಗಿಳಿದು ಹುಟ್ಟೂರು ಪಾಲಹಳ್ಳಿ ಹತ್ತಿಕೊಳ್ಳುತ್ತಿತ್ತು. “ನಮ್ಮ ಗದ್ದೆ ಮೋಟ್ರು ಮುಟ್ಟಿ ನೋಡು, ಚುರ್ ಅಂತದೆ. ಅದು ದುಡಿಮೆ! ಈಗ್ತಾನೆ ಶಶಿ ತಂಡದ್ದು ಮುಟ್ಟಿ ಬಂದೆ, ಮೇಲೆ ದೋಸೆ ಉಯ್ಬೋದು. ಪಾಸು ಮಾಡ್ದೆ. ನಿಂದು ತಣ್ಣಗೈತೆ, ಆದ್ರೂವೆ ಬಲ್ಬು ಉರಿತೈತೆ. ಕಳ್ಳ ವೈರು ಎಲ್ಲಿಂದ ಎಳ್ದಿದ್ದೀರಾ ಏಳ್ಬುಡಿ.” ಥಟ್ಟನೆ ಬಗ್ಗಿ ಮೇಜಿನ ಬಟ್ಟೆ ಎತ್ತಿದರು. ಕೆಳಗೆ ಸ್ನೇಹಳ ಚಪ್ಪಲಿ ಬಿಟ್ಟರೆ ಏನೂ ಇರಲಿಲ್ಲ. ಅದರಿಂದ ಅವರ ಅನುಮಾನ ಇನ್ನಷ್ಟು ಗಟ್ಟಿಯಾಯಿತು. “ಬಲೇ ಚೆನ್ನಾಗಿ ಬಚ್ಚಿಟ್ಟಿದ್ದೀರ. ಊಟ ಮಾಡ್ಕ ಬತ್ತೀನಿ. ಅಷ್ಟ್ರಲ್ಲಿ ಸರಿ ಮಾಡಿ ನಿಯತ್ತಾಗಿ ತೋರ್ಸಿ. ಇಲ್ಲಾಂದ್ರೆ ಮುಂದಿನ ವರ್ಷ ಸಿಗನ.”

ಪ್ರಾಜೆಕ್ಟಿನಲ್ಲಿ ಸ್ನೇಹಳ ಜೊತೆಗಾರ ಬೂಕನಕೆರೆಯ ಕಿಶನ್. ಈವರೆಗೆ ಅವನ ಕೊಡುಗೆಯೆಂದರೆ ಶಿವಲಿಂಗಯ್ಯನವರ ಮಿಮಿಕ್ರಿಯೊಂದೇ. ಕ್ಯಾಂಟೀನಿನಲ್ಲಿ ಮುದ್ದೆಯ ಮೇಲೆ ಅಂಗೈ ಒತ್ತಿ ಕಣ್ಣು ಮುಚ್ಚಿದ. “ತಣ್ಣಗೈತಲ್ಲಮ್ಮ! ನಿಯತ್ತಿಲ್ಲದ ಮುದ್ದೆ. ಪೋಸ್ಟ್‌ಮಾರ್ಟಮ್ಮಿಗೆ ಕಳ್ಸು.”

ಸ್ನೇಹ ನಗಲಿಲ್ಲ. “ಮೈಸೂರು ಕೆಲಸ ಹೋಯ್ತು ಕಣೋ.”

“ಎಲ್ಲೂ ಓಗಕಿಲ್ಲ. ಆವಪ್ಪಂಗೆ ಬೇಕಿರೋದು ಬಿಸಿ ತಾನೆ? ನನ್ನ ರೂಮಲ್ಲಿ ಇಸ್ತ್ರಿಪೆಟ್ಟಿಗೆ ಐತೆ. ಅದರ ಕಾಯ್ಲು ಬಿಚ್ಚಿ ಆಂಪ್ಲಿಫೈಯರ್ ಬೆನ್ನಿಗೆ ಕಟ್ಬುಡನ. ವೈರು ಮೇಜಿನ ಕೆಳಗೆ.”

“ಎರಡು ಸೆಮಿಸ್ಟರ್ ಬಿಸಿ ಇಳಿಸೋಕೇ ಒದ್ದಾಡಿದೀನಿ. ಈಗ ನಾನೇ ಇಸ್ತ್ರಿಪೆಟ್ಟಿಗೆ ಕಟ್ಲಾ?”

“ಬ್ಯಾಡ ಬುಡು. ಇನ್ನೊಂದ್ ವರ್ಷ ಆವಪ್ಪನ ಕೈಲೇ ಜ್ವರ ನೋಡುಸ್ಕೊಂಡಿರು.”

ಅಷ್ಟು ಸಾಕಾಯಿತು. ಒಳ್ಳೆಯ ಎಂಜಿನಿಯರಾದ್ದರಿಂದ ಸ್ನೇಹ ಮೋಸವನ್ನೂ ಅಚ್ಚುಕಟ್ಟಾಗಿ ಮಾಡಿದಳು. ಆಂಪ್ಲಿಫೈಯರಿನ ಬೆನ್ನಿಗೆ ಇನ್ನೊಂದು ಸುಳ್ಳು ತಗಡು ಹೊದಿಸಿ, ಅದರಡಿ ಕಾಯ್ಲು ಇಟ್ಟು, ಕಾವು ತನ್ನ ಸರ್ಕ್ಯೂಟಿಗೆ ತಾಗದಂತೆ ನಡುವೆ ಅಭ್ರಕದ ಹಾಳೆ ಕೊಟ್ಟಳು. ಮೇಜಿನಡಿ ಒಂದು ಫ್ಯಾನ್ ರೆಗ್ಯುಲೇಟರ್ ಇಟ್ಟು ಕಿಶನ್ ಕೈಗೆ ಒಪ್ಪಿಸಿದಳು: ಅವಳು ಫ್ರೀಕ್ವೆನ್ಸಿ ಬದಲಿಸಿದಾಗೆಲ್ಲ ಇವನು ಬಿಸಿ ಏರಿಸಬೇಕು, ಕೆಟ್ಟ ಆಂಪ್ಲಿಫೈಯರೊಂದು ಬಿಸಿಯಾಗುವಷ್ಟೇ ಏರಿಸಬೇಕು. ವಿಜ್ಞಾನಕ್ಕೆ ಅಪಚಾರವಾಗಬಾರದಲ್ಲ!

ಶಿವಲಿಂಗಯ್ಯನವರು ತೇಗುತ್ತ ಬಂದರು. ಸ್ನೇಹ ಗುಂಡಿ ತಿರುಗಿಸಿದಳು. ಕಿಶನ್ ಮೇಜಿನ ಬಟ್ಟೆಯೊಳಗೆ ಕೈಯಿಟ್ಟು ಸೂರು ನೋಡಿದ. ಅವರು ಅಂಗೈ ಒತ್ತಿದರು. “ಅಯ್ಯಪ್ಪೋ!” ಕೈ ಕೊಡವಿ, ಬೆರಳು ಬಾಯಿಗಿಟ್ಟುಕೊಂಡು, ನಿಧಾನಕ್ಕೆ ಅರಳಿದರು. “ಜೀವ ಬಂತು ನೋಡು! ನಿಯತ್ತು ಅಂದ್ರೆ ಇದು.” ಈ ಸಲ ಅವರು ಮೇಜಿನ ಬಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. “ಬೆಳಗ್ಗೆ ಎಲ್ಲೋ ಲೂಜ್ ಇತ್ತು, ಅಲ್ವಾ?”

“ಇತ್ತು ಸರ್,” ಅಂದಳು ಸ್ನೇಹ, ಅವರನ್ನೇ ನೋಡುತ್ತ.

“ಓಗು, ಪಾಸು.” ಬಾಗಿಲ ತನಕ ಹೋದವರು ಬೆರಳು ಊದಿಕೊಳ್ಳುತ್ತ ತಿರುಗಿ ನಿಂತರು. “ಒಂದೇ ಒಂದು ಕೊರತೆ ಕಣಮ್ಮ. ಬಿಸಿ ವಸಿ ಜಾಸ್ತಿಯಾಯ್ತು. ಕರೆಂಟು ದಂಡ ಅಲ್ವಾ? ಇದನ್ನ ಇಲ್ಲೇ ಬುಟ್ಟೋಗಿ. ಇದರ ಬಿಸಿ ಇಳ್ಸೋದು ಎಂಗೆ ಅನ್ನೋದೇ ಮುಂದಿನ ವರ್ಷದ ಐಕ್ಳಿಗೆ ಪ್ರಾಜೆಕ್ಟು. ವರ್ಷವೆಲ್ಲ ಕುಂತ್ಕೊಂಡು ತಿಣುಕ್ಲಿ.”

ಅವರು ಅತ್ತ ಹೋದರು. ಸ್ನೇಹ ಬಗ್ಗಿ, ಕಿಶನ್ ಕೈಯಿಂದ ರೆಗ್ಯುಲೇಟರ್ ಇಸಕೊಂಡು, ಮುಂದಿನ ವರ್ಷದ ಪ್ರಾಜೆಕ್ಟನ್ನು ಟಕ್ಕೆಂದು ಆಫ್ ಮಾಡಿದಳು.